ಗೆರೆ ಇಲ್ಲದ ಹೊಳೆ

ಅಮಲದಾಸ ಒಳಗೆ ಬಂದಾಗ ಲಕ್ಷ್ಮೀನರಸಿಂಹ ಮೇಷ್ಟ್ರು ಅವನ ಚಿತ್ರದ ಮೇಲೆ ಕಪ್ಪು ಬಣ್ಣದಿಂದ ಗೆರೆ ಎಳೆಯುತ್ತಿದ್ದರು. ಮಾರನೆಯ ದಿನ ಮೈಸೂರಿನ ದಸರಾ ಪ್ರದರ್ಶನಕ್ಕೆ ಹೋಗಬೇಕಿದ್ದ ಚಿತ್ರ. ಒಣಗಲೆಂದು ಗುರುಗಳ ನಡುಮನೆಯಲ್ಲಿ ಬಿಟ್ಟು ಹೋಗಿದ್ದ.

“ಏನ್ಮಾಡ್ತಿದೀರಿ ಮೇಷ್ಟ್ರೇ?”

“ಜೀವ ತುಂಬ್ತಿದೀನಿ ಕಣೋ. ಪಟ್ಟಣದ ಹೊಳೆ ಅಂತೀಯ, ಕೋಟೆಗೆ ಅಂಚಿಲ್ಲ, ನೀರಿಗೆ ದಡವಿಲ್ಲ. ತೀರ್ಪುಗಾರರು ನಗ್ತಾರೆ. ನೋಡು, ಈಗ ಹರಿಗೋಲು ಹರಿಗೋಲಿನ ಹಂಗೆ ಕಾಣುತ್ತೆ.”

ಅಮಲದಾಸ ಚಿತ್ರದ ಹತ್ತಿರ ಹೋದ. ಹೋದ ವರ್ಷ, ಇಪ್ಪತ್ನಾಲ್ಕನೇ ಇಸವಿಯಲ್ಲಿ, ಶ್ರೀರಂಗಪಟ್ಟಣದ ದಡದಲ್ಲಿ ನಿಂತು ಕಂಡ ಪ್ರವಾಹವನ್ನು ಎಂಟು ತಿಂಗಳು ಕೂತು ಬರೆದಿದ್ದ. ಒಂದೂ ಗೆರೆಯಿರಲಿಲ್ಲ, ಮಣ್ಣುಗೆಂಪು, ನೇರಳೆ, ಬೂದಿಬಣ್ಣದ ಸಣ್ಣ ಸಣ್ಣ ಹೊಡೆತಗಳು. ಹತ್ತಿರ ನಿಂತರೆ ಬರೀ ಬಣ್ಣ, ಹತ್ತು ಹೆಜ್ಜೆ ಹಿಂದೆ ಸರಿದರೆ ನೀರು ಮೈಮೇಲೆ ಬರುತ್ತಿತ್ತು. ನಟ್ಟನಡುವೆ ಇದ್ದ ಕಪ್ಪು ಚುಕ್ಕೆಯ ಸುತ್ತ ಈಗ ಹರಿಗೋಲಿನ ಅಂಚು, ಒಳಗೊಬ್ಬ ಅಂಬಿಗ.

“ಅದು ಹರಿಗೋಲಲ್ಲ. ಲೂರ್ದುಮೇರಿ.”

ಕುಂಚ ನಿಂತಿತು. ಅಮಲದಾಸನ ತಂಗಿ ಲೂರ್ದುಮೇರಿ ಆ ಪ್ರವಾಹದಲ್ಲಿ ಕೊಚ್ಚಿಹೋದದ್ದು ಮೇಷ್ಟ್ರಿಗೆ ಗೊತ್ತಿತ್ತು. ಹೆಣ ಸಿಗಲಿಲ್ಲವೆಂಬುದೂ ಗೊತ್ತಿತ್ತು.

“ಮೊದಲೇ ಹೇಳಬಾರದಿತ್ತೇನೋ? ಮುಖವನ್ನೋ ಕೈಯನ್ನೋ ಬರೆದಿದ್ರೆ...”

“ನಂಗೆ ಕಂಡಿದ್ದೇ ಅಷ್ಟು! ಮುಖ ಕಂಡಿದ್ರೆ ಬರೀತಿರ್ಲಿಲ್ವಾ? ಆವತ್ತು ಯಾವುದಕ್ಕೂ ಗೆರೆ ಇರ್ಲಿಲ್ಲ ಮೇಷ್ಟ್ರೇ. ನನ್ನ ಒಂದು ಮಾತು ಕೇಳ್ದೆ ಎಂಗೆ ಕೈ ಹಾಕ್ಬುಟ್ರಿ?”

ಮೇಷ್ಟ್ರು ಅವಸರದಿಂದ ಟರ್ಪೆಂಟೈನಿನಲ್ಲಿ ಬಟ್ಟೆ ಅದ್ದಿದರು. “ತಾಳು, ಅಂಬಿಗನನ್ನ ಒರೆಸಿಬುಡ್ತೀನಿ.”

“ಮುಟ್ಟಬೇಡಿ! ಒರೆಸಿದ್ರೆ ಅವಳೂ ಹೋಗ್ತಾಳೆ.”

“ಹಾಗಾದ್ರೆ ಇರಲಿ ಬಿಡೋ. ಚೆನ್ನಾಗೇ ಕೂತಿದೆ.”

“ಇರಲಿ? ದಡದಲ್ಲಿ ನಿಂತು ಗಂಟಲು ಹರಿಯೋ ಹಂಗೆ ಕೂಗಿದೀನಿ. ಒಬ್ಬ ಅಂಬಿಗನೂ ಬರ್ಲಿಲ್ಲ. ಇವನು ಇಲ್ಲಿ ಇರಕೂಡದು!”

ಮೇಜಿನ ಮೇಲಿದ್ದ ಚೂರಿ ತೆಗೆದುಕೊಂಡು ಅವನೇ ಕೆರೆಯತೊಡಗಿದ. ಹರಿಗೋಲು ಹೋಯಿತು, ಅಂಬಿಗ ಹೋದ, ಅಡಿಯಲ್ಲಿದ್ದ ಚುಕ್ಕೆಯೂ ಸಿಪ್ಪೆಯಾಗಿ ನೆಲಕ್ಕೆ ಉದುರಿತು. ಮೇಷ್ಟ್ರು ಬಟ್ಟೆ ಹಿಡಿದುಕೊಂಡೇ ನಿಂತಿದ್ದರು.

ಮಾರನೆಯ ದಿನ ಚಿತ್ರ ಹಾಗೆಯೇ ಪ್ರದರ್ಶನದ ಗೋಡೆಗೇರಿತು. ಕೆಂಪು ನೀರಿನ ನಡುವೆ ಅಂಗೈಯಗಲ ಬರಿಯ ಕ್ಯಾನ್ವಾಸು. ಜರಿ ರುಮಾಲಿನ ತೀರ್ಪುಗಾರರು ಅದರ ಮುಂದೆ ಬಹಳ ಹೊತ್ತು ನಿಂತರು.

“ಇಲ್ಲೇನಿತ್ತಪ್ಪಾ?”

ಅಮಲದಾಸ ಪಕ್ಕಕ್ಕೆ ಸರಿದ. ಹಿಂದೆ ಲಕ್ಷ್ಮೀನರಸಿಂಹ ಮೇಷ್ಟ್ರು ತಲೆ ತಗ್ಗಿಸಿ ನಿಂತಿದ್ದರು.

“ಮೇಷ್ಟ್ರನ್ನ ಕೇಳಿ ಸ್ವಾಮಿ. ತಿದ್ದಿದ್ದು ಅವರೇ.”