ಸಾಕ್ಷಿ ಆಡದ ಮಾತು

“ಅನಂತರ ಗಿರಾಕಿಯು ಕೋಣೆಯೊಳಗೆ ಬಂದನು,” ಎಂದು ನ್ಯಾಯಾಧೀಶರು ಟೈಪಿಸ್ಟಿಗೆ ಹೇಳಿ ಬರೆಸಿದ್ದೇ ತಡ, ಸರ್ಕಾರಿ ವಕೀಲೆ ಎದ್ದು ನಿಂತಳು.

“ಸಾಕ್ಷಿ ಆ ಮಾತು ಆಡ್ಲಿಲ್ಲ ಸ್ವಾಮಿ. ‘ಆಮೇಲೆ ಅವರು ಬಂದ್ರು’ ಅಂದಳು, ಅಷ್ಟೇ.”

ಸಾಕ್ಷಿ ಎಂದರೆ ಹದಿಮೂರು ವರ್ಷದ ಹುಡುಗಿ. ಬಾಗಿಲು ಮುಚ್ಚಿದ ಕೋರ್ಟಿನಲ್ಲಿ ಕಟಕಟೆಯ ಬದಲು ಕುರ್ಚಿ ಹಾಕಿ ಕೂರಿಸಿದ್ದರು. ಆರೋಪಿ ಅವಳಿಗೆ ಕಾಣದಂತೆ ನಡುವೆ ಪರದೆ. ತಾಯಿಯ ಗೆಳತಿಯೊಬ್ಬಳು ದುಡ್ಡು ಇಸಕೊಂಡು ತನ್ನನ್ನು ಅವನ ಮನೆಯಲ್ಲಿ ಬಿಟ್ಟುಹೋದದ್ದನ್ನು ಅವಳು ತನಗೆ ಬಂದ ಮಾತಿನಲ್ಲಿ ಹೇಳುತ್ತಿದ್ದಳು. ನ್ಯಾಯಾಧೀಶರು ಅದನ್ನು ಕೋರ್ಟಿನ ಭಾಷೆಗೆ ತಿರುಗಿಸಿ ಬರೆಸುತ್ತಿದ್ದರು. ಅಲ್ಲಿ ನಡೆದುಬಂದ ಪದ್ಧತಿಯೇ ಅದು. ಅವರೇನೂ ಕೆಟ್ಟವರಲ್ಲ. ಇಂಥ ಹೇಳಿಕೆಗಳನ್ನು ಬರೆಸಿ ಬರೆಸಿ ನಾಲಿಗೆಗೆ ದಾರಿ ಗೊತ್ತಾಗಿಬಿಟ್ಟಿತ್ತು. ಮನೆ ಎಂದ ಮೇಲೆ ದುಡ್ಡು, ದುಡ್ಡು ಎಂದ ಮೇಲೆ ಗಿರಾಕಿ.

“ಹಿಂದಿನ ತೀರ್ಪುಗಳಲ್ಲೆಲ್ಲ ಇದೇ ಪದ ಇದೆ ಸ್ವಾಮಿ. ಮೇಡಂ ಸುಮ್ಮನೆ ಕೊಕ್ಕೆ ಹಾಕ್ತಿದಾರೆ,” ಎಂದು ಆರೋಪಿಯ ವಕೀಲರು ನಕ್ಕರು. ನಗುವುದಕ್ಕೆ ಅವರಿಗೆ ಕಾರಣವಿತ್ತು. ಗಿರಾಕಿ ಎಂದರೆ ವ್ಯಾಪಾರ, ವ್ಯಾಪಾರವೆಂದರೆ ಇಬ್ಬರ ಒಪ್ಪಿಗೆ. ಆ ಒಂದು ಪದ ಹೇಳಿಕೆಯೊಳಗೆ ಬೆಚ್ಚಗೆ ಕೂತುಬಿಟ್ಟರೆ ಸಾಕು, ನಾಳೆ ಮೇಲಿನ ಕೋರ್ಟಿನಲ್ಲಿ ‘ಹುಡುಗಿ ಗೊತ್ತಿದ್ದೇ ಬಂದವಳು’ ಎಂದು ವಾದ ಹೂಡಬಹುದು. ಹೋದ ವರ್ಷ ಪಕ್ಕದ ಕೋರ್ಟಿನಲ್ಲಿ ಒಬ್ಬ ಹೀಗೇ ಅರ್ಧ ಶಿಕ್ಷೆಗೆ ಪಾರಾಗಿದ್ದ.

ವಕೀಲರ ಕೋಣೆಯಲ್ಲಿ ಸರ್ಕಾರಿ ವಕೀಲೆಗೆ ಜಿಗಣೆ ಎಂದು ಅಡ್ಡಹೆಸರು. ಅದು ಅವಳಿಗೂ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ.

“ಊಟದ ಹೊತ್ತಾಯ್ತು ಮೇಡಂ. ಮಗೂಗೂ ಸುಸ್ತಾಗಿದೆ. ಒಂದು ಪದಕ್ಕೆ ಇಷ್ಟೊಂದು ಯಾಕೆ?” ಎಂದರು ನ್ಯಾಯಾಧೀಶರು.

“ನೀವೂ ಮಗು ಅಂದ್ರಲ್ಲ ಸ್ವಾಮಿ, ಅದಕ್ಕೇ. ಮಗೂಗೆ ಗಿರಾಕಿ ಎಲ್ಲಿಂದ ಬರ್ತಾನೆ? ಹಳೇ ಕಾಯಿದೇಲಿ ‘ಬಾಲವೇಶ್ಯೆ’ ಅಂತಿತ್ತು, ಅವಳ ಜೊತೆ ಗಿರಾಕೀನೂ ಇದ್ದ. ಹೊಸ ಕಾಯಿದೆ ಎರಡನ್ನೂ ಕಿತ್ತುಹಾಕಿ ‘ಶೋಷಣೆಗೆ ಒಳಗಾದ ಮಗು’ ಅಂದಿದೆ. ಹದಿನೆಂಟು ತುಂಬದವರ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಅಂದಿದೆ. ಕಾಯಿದೆನೇ ಉಗಿದುಹಾಕಿದ್ದನ್ನ ನಾವು ಈ ಮಗು ಬಾಯಿಗೆ ತುರುಕೋದು ಬೇಡ. ಆ ಪದ ಹೊಡೆದುಹಾಕೋವರೆಗೂ ನಾನು ಕೂರಲ್ಲ.”

ಕೂಗಾಡಿಬಿಡಬೇಕು ಎನ್ನುವಷ್ಟು ಸಿಟ್ಟು ಬಂದಿತ್ತು ಅವಳಿಗೆ. ಕೂಗಿದರೆ ಹುಡುಗಿ ಹೆದರಿಯಾಳು ಎಂದು ಹಲ್ಲು ಕಚ್ಚಿ ದನಿ ತಗ್ಗಿಸಿಯೇ ಮಾತಾಡಿದಳು. ಕೂರಲು ಮಾತ್ರ ಕೂರಲಿಲ್ಲ.

ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಸರಿ, ಅವಳನ್ನೇ ಕೇಳೋಣ. ಪುಟ್ಟಿ, ಆ ಮನೇಲಿ ನೀನು ಅವರನ್ನ ಏನಂತ ಕರೀತಿದ್ದೆ?”

ಹುಡುಗಿ ವಕೀಲೆಯ ಕಡೆ ನೋಡಿದಳು. ವಕೀಲೆ ಕಣ್ಣಲ್ಲೂ ಏನೂ ಹೇಳುವಂತಿರಲಿಲ್ಲ. ಸಾಕ್ಷಿಗೆ ಹೇಳಿಕೊಟ್ಟಳು ಎಂದು ಎದುರಿನವರು ಹಾರಿಬೀಳುವುದಕ್ಕೆ ಕಾದಿದ್ದರು.

“ಮಾವ ಅಂತ,” ಎಂದಳು ಹುಡುಗಿ. “ಹಾಗೇ ಕರೀಬೇಕು ಅಂತ ಹೇಳಿದ್ರು. ಕರೀದಿದ್ರೆ ಊಟ ಕೊಡ್ತಿರ್ಲಿಲ್ಲ.”

ಟೈಪಿಸ್ಟ್ ಕೈ ನಿಲ್ಲಿಸಿದ. ಏನೋ ಹೇಳಲು ಅರ್ಧ ಎದ್ದಿದ್ದ ಆರೋಪಿಯ ವಕೀಲರು ಮೆಲ್ಲಗೆ ಕುಳಿತರು. ನ್ಯಾಯಾಧೀಶರು ಕನ್ನಡಕ ಮತ್ತೆ ಹಾಕಿಕೊಂಡರು. ಅವರ ಮುಖ ನೋಡಿದರೆ ನಾಚಿಕೆಯಾಗಿದೆ ಎಂದು ಯಾರಿಗಾದರೂ ತಿಳಿಯುವಂತಿತ್ತು.

“ಗಿರಾಕಿ ಅನ್ನೋದನ್ನ ಹೊಡೆದುಹಾಕಪ್ಪ,” ಎಂದರು. “ಇನ್ನು ನಾನು ಬರೆಸೋದು ಬೇಡ. ಈ ಮಗು ಹೇಳಿದ್ದನ್ನ ಹೇಳಿದ ಹಾಗೇ ಹಾಕು.”

ವಕೀಲೆ ಆಗ ಕುಳಿತಳು.

ಹುಡುಗಿ ಪರದೆಯ ಕಡೆಗೊಮ್ಮೆ ನೋಡಿದಳು. ಆಮೇಲೆ ನ್ಯಾಯಾಧೀಶರನ್ನೇ ಕೇಳಿದಳು: “ಇಲ್ಲೂ ಮಾವ ಅಂತಲೇ ಅನ್ಬೇಕಾ ಸರ್? ಹೆಸರು ಹಿಡಿದು ಹೇಳಬಹುದಾ?”

“ಹೇಳಮ್ಮ. ಎಲ್ಲರಿಗೂ ಕೇಳಿಸೋ ಹಾಗೆ ಹೇಳು.”

ಹುಡುಗಿ ಕುರ್ಚಿಯಿಂದ ಎದ್ದು ನಿಂತು ಹೆಸರು ಹೇಳಿದಳು, ಇನಿಷಿಯಲ್ ಸಮೇತ.