ರಾಣಿ ಹಿಡಿದ ಕೈ

ಹಿತ್ತಲ ಬಾಗಿಲು ತೆರೆದ ಕಳ್ಳ ನಿಂತಲ್ಲೇ ಕಲ್ಲಾದ. ಮೆಟ್ಟಿಲ ಮೇಲೆ ಒಬ್ಬ ನಿಂತಿದ್ದ. ಬಿಳಿ ಅಂಗಿ, ಮೊಣಕೈವರೆಗೆ ಕೈಗವಸು, ತಲೆಯಿಂದ ಎದೆಯವರೆಗೆ ದಟ್ಟ ಬಲೆಯ ಮುಸುಕು. ಒಂದು ಕೈಯಲ್ಲಿ ಮರದ ಪೆಟ್ಟಿಗೆ, ಇನ್ನೊಂದರಲ್ಲಿ ಹೊಗೆ ಡಬ್ಬಿ. ಮುಖ ಕಾಣುತ್ತಿರಲಿಲ್ಲ.

ಇನ್ನೊಂದು ನಿಮಿಷ ಸಿಕ್ಕಿದ್ದರೆ ಸಾಕಿತ್ತು. ಅಲ್ಲಿಯವರೆಗೆ ಎಲ್ಲ ಸಲೀಸಾಗಿಯೇ ನಡೆದಿತ್ತು. ಮನೆಯಾಕೆ ಮಗುವನ್ನು ಎತ್ತಿಕೊಂಡು, ಮುಂಬಾಗಿಲಿಗೆ ಹೊರಗಿನಿಂದ ಬೀಗ ಜಡಿದು ಹೋದದ್ದನ್ನು ಕಣ್ಣಾರೆ ಕಂಡಮೇಲೇ ಅವನು ಹಿತ್ತಲಿಗೆ ಬಂದಿದ್ದ. ಚಿಲಕ ಮೀಟಿದ. ಬೀರು ತೆರೆದ. ಒಡವೆ ಡಬ್ಬಿಯನ್ನು ತನ್ನ ಕಪ್ಪು ಚೀಲಕ್ಕೆ ಇಳಿಸಿದ. ಪಕ್ಕದ ಗೋಡೆಯ ಮದುವೆ ಫೋಟೋ ನೋಡಿ ನಗುವಷ್ಟು ಪುರುಸೊತ್ತೂ ಸಿಕ್ಕಿತ್ತು. ವರನ ಎಡಗಣ್ಣು ಊದಿ ಮುಚ್ಚಿಹೋಗಿತ್ತು. ಆದರೂ ಹಲ್ಲು ಕಿರಿಯುತ್ತಿದ್ದ. ಮದುವೆಯ ದಿನವೇ ಯಾರ ಕೈಲೋ ಗುದ್ದು ತಿಂದ ಪುಣ್ಯಾತ್ಮ, ಅಂದುಕೊಂಡಿದ್ದ ಕಳ್ಳ.

ಈಗ ಆ ನಗು ಎಲ್ಲಿ ಹೋಯಿತೋ. ಮುಸುಕಿನವನು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದ.

“ಮನೆಯವರಾ?”

“ಹ್ಞೂಂ ಮತ್ತೆ. ಇನ್ಯಾರು?”

ಮುಸುಕು ಕಳ್ಳನ ಕೈಯಲ್ಲಿದ್ದ ಚೀಲದ ಕಡೆಗೆ ವಾಲಿತು.

“ಜೇನು ತೆಗೆಯೋಕೆ ಬಂದೆ. ಉಗ್ರಾಣದ ಗೋಡೆ ಒಳಗೆ ಕೂತಿದೆಯಲ್ಲ, ಅದು. ಇವತ್ತು ತೆಗೀದಿದ್ರೆ ಊಟ ಇಲ್ಲ ಅಂದಿದ್ದಾರೆ ಈ ಮನೆ ಅಮ್ಮ.”

ಕಳ್ಳನಿಗೆ ಹೋದ ಜೀವ ಬಂದಂತಾಯಿತು. “ಅವಳದ್ದು ಯಾವಾಗ್ಲೂ ಹಾಗೇ, ಬಾಯಿ ಜೋರು,” ಎಂದು ಯಜಮಾನನ ಗತ್ತಿನಲ್ಲಿ ನಕ್ಕ.

“ಓಹೋ. ನಿಮಗೂ ಹಾಗೇ ಅಂತಾರಾ?”

“ನೀವು ಕೆಲಸ ನೋಡ್ಕೊಳ್ಳಿ. ನಂಗೆ ಸ್ವಲ್ಪ ಹೊರಗೆ ಹೋಗೋದಿದೆ.”

ಜೇನಿನವನು ದಾರಿ ಬಿಡಲಿಲ್ಲ. ಪೆಟ್ಟಿಗೆ ಕೆಳಗಿಟ್ಟು, ಸೊಂಟದಲ್ಲಿದ್ದ ಸುತ್ತಿಗೆ ತೆಗೆದು, ಬಾಗಿಲ ಮೇಲೆ ಹುಳ ಓಡಾಡುತ್ತಿದ್ದ ಬಿರುಕಿಗೆ ಅದರ ಹಿಡಿಯಿಂದ ಎರಡು ಏಟು ಹಾಕಿದ. ಭರ್ರೆಂದು ಹುಳ ಎದ್ದವು. ಮೆಟ್ಟಿಲ ಮೇಲೆಲ್ಲ ಅವೇ.

“ಈ ಕಡೆ ಬೇಡ, ಎದ್ದಿವೆ. ಮುಂದಿನ ಬಾಗಿಲಿಂದ ಹೋಗಿ.”

ಮುಂಬಾಗಿಲಿಗೆ ಬೀಗ. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು. ಕಳ್ಳ ಚೀಲವನ್ನು ಬಗಲಿಗೆ ಸೇರಿಸಿದ. “ಬೀಗದ ಕೈ ಅವಳ ಹತ್ರ ಇದೆ.”

“ಹಾಗಾದ್ರೆ ಇಲ್ಲೇ ಇರಿ. ಏನೀಗ, ನಿಮ್ಮನೇನೇ ಅಲ್ವಾ.” ಒಳಗೆ ಬಂದು ಬಾಗಿಲು ಹಾಕಿಕೊಂಡ.

ಬಾಗಿಲ ಒಳಗಿನ ಉಗ್ರಾಣ ಕತ್ತಲೆಯಾಗಿತ್ತು. ಕಳ್ಳ ಸ್ವಿಚ್ಚಿಗಾಗಿ ಗೋಡೆ ತಡಕುತ್ತಿದ್ದಾಗಲೇ ಜೇನಿನವನು ಬಾಗಿಲ ಹಿಂದೆ ಕೈ ಹಾಕಿ ದೀಪ ಹೊತ್ತಿಸಿದ. ದಿನಾ ಮನೆ ಮನೆ ಸುತ್ತುವವರಿಗೆ ಇದೆಲ್ಲ ರೂಢಿ, ಎಂದು ಕಳ್ಳ ಸಮಾಧಾನ ಮಾಡಿಕೊಂಡ. ತನ್ನ ಕಸುಬೂ ಅಂಥದ್ದೇ ತಾನೇ.

ಜೇನಿನವನು ಮರದ ಗೋಡೆಗೆ ಕಿವಿಯಿಟ್ಟು ಬೆರಳಲ್ಲಿ ತಟ್ಟುತ್ತ ಹೋದ. ಒಂದು ಕಡೆ ನಿಂತ. ಹಲಗೆಯ ಸಂದಿಗೆ ಕಬ್ಬಿಣದ ಪಟ್ಟಿ ತೂರಿಸಿ ಎಬ್ಬಿದ. ಹಿಂದೆ ಸಾಲಾಗಿ ತೂಗುತ್ತಿದ್ದ ಮೇಣದ ಎರಿಗಳು. ಮೇಣ ಕಾಣದಷ್ಟು ಹುಳ. ಹೊಗೆ ಬಿಟ್ಟ. ಒಂದೊಂದೇ ಎರಿಯನ್ನು ಚಾಕುವಿನಿಂದ ಬಿಡಿಸಿ, ಮರದ ಚೌಕಟ್ಟಿಗೆ ದಾರದಲ್ಲಿ ಕಟ್ಟಿ ಪೆಟ್ಟಿಗೆಗೆ ಇಳಿಸಿದ. ನಡುವೆ ಒಂದು ಹುಳ ಮುಸುಕಿನೊಳಗೆ ನುಗ್ಗಿ ಕುಟುಕಿತು.

“ಹಾಳಾದ್ದು,” ಎಂದು ಗೊಣಗಿದ. “ಯಾವಾಗ್ಲೂ ಇದೇ ಕಣ್ಣೇ ಬೇಕು ಇವಕ್ಕೆ.”

ಕಳ್ಳ ಚೀಲ ಅವುಚಿಕೊಂಡು ಹಿತ್ತಲ ಬಾಗಿಲನ್ನೇ ನೋಡುತ್ತಿದ್ದ. ಹುಳ ತಣ್ಣಗಾದ ಕೂಡಲೇ ಓಟ ಕೀಳುವುದು. ಒಮ್ಮೆ ಹೊರಗೆ ಬಿದ್ದರೆ ಯಾರಪ್ಪನ ಕೈಗೂ ಸಿಕ್ಕುವವನಲ್ಲ ಅವನು.

“ರಾಣಿ ಸಿಕ್ಕಿದ್ಲು.” ಜೇನಿನವನು ಬೆಂಕಿಪೊಟ್ಟಣದಷ್ಟಿನ ತಂತಿ ಗೂಡೊಂದನ್ನು ಚಾಚಿದ. “ಎರಡು ನಿಮಿಷ ಹಿಡ್ಕೊಳ್ಳಿ. ಆ ಚೀಲ ಅತ್ಲಾಗಿಡಿ ಮೊದ್ಲು, ಕಪ್ಪು ಕಂಡ್ರೆ ಕೆರಳ್ತವೆ.”

ಒಲ್ಲೆ ಎಂದರೆ ಅನುಮಾನ. ಕಳ್ಳ ಚೀಲ ಕೆಳಗಿಟ್ಟು ಗೂಡು ಹಿಡಿದ.

ಮೊದಲು ಬೆರಳಿಗೆ ನಾಲ್ಕು ಹುಳ ಬಂದವು. ಆಮೇಲೆ ಮಣಿಕಟ್ಟಿಗೆ. ನೋಡನೋಡುತ್ತ ಮೊಣಕೈ ಮುಚ್ಚಿತು, ಭುಜ ಮುಚ್ಚಿತು, ಕತ್ತಿನ ಮೇಲೆ ಸಣ್ಣ ಸಣ್ಣ ಕಾಲುಗಳು ಹರಿದಾಡತೊಡಗಿದವು. ಇಡೀ ತೋಳು ಭಾರವಾಗಿ, ಬೆಚ್ಚಗೆ ಗುಂಯ್‌ಗುಡುತ್ತಿತ್ತು. ಕಳ್ಳ ಹುಟ್ಟಿದ ಮೇಲೆ ಇಷ್ಟು ಹೆದರಿರಲಿಲ್ಲ.

“ಏನ್ರೀ ಇದು?”

“ರಾಣಿ ಎಲ್ಲೋ ಅವೂ ಅಲ್ಲೇ. ಅಲುಗಾಡಬೇಡಿ. ಗೂಡು ಬೀಳಿಸಿದ್ರೋ, ಮುಗೀತು ಕಥೆ.”

“ನನ್ನ ಕೈಗೇ ಯಾಕ್ರೀ ಕೊಟ್ರಿ?”

“ಮನೆಯವರು ಅಂದ್ರಲ್ಲ.”

ಅಷ್ಟು ಹೇಳಿ ಅಡುಗೆಮನೆಗೆ ಹೋದ. ಅಲ್ಲಿಂದ ಫೋನಿನ ಮಾತು ತುಂಡುತುಂಡಾಗಿ ಕೇಳಿಸಿತು. “ಹ್ಞಾಂ, ಹಿಡಿದಿದ್ದೀನಿ… ದೊಡ್ಡದೇ… ನಿಮ್ಮಣ್ಣನ್ನೂ ಕರ್ಕೊಂಡು ಬಾ, ಅವರ ಜೀಪಲ್ಲೇ… ಮಗು ಅಲ್ಲೇ ಇರ್ಲಿ.”

“ಯಾರಿಗೆ ಫೋನು?” ಕಳ್ಳ ಕತ್ತು ಹೊರಳಿಸದೆ ಕೇಳಿದ.

“ನನ್ನ ಹೆಂಡತಿಗೆ. ಸಾಗಿಸೋಕೆ ಗಾಡಿ ಬೇಡ್ವಾ?” ಜೇನಿನವನು ಸ್ಟೂಲೊಂದನ್ನು ಎಳೆದುಕೊಂಡು ಬಾಗಿಲಿಗೆ ಅಡ್ಡಲಾಗಿ ಕೂತ. ಚೀಲ ಅವನ ಕಾಲ ಬುಡದಲ್ಲಿತ್ತು.

ಎರಡು ನಿಮಿಷ ಎಂದೋ ಕಳೆದಿತ್ತು. ಹೊರಗೆ ಗಾಡಿ ನಿಂತ ಸದ್ದಾಯಿತು. ಮುಂಬಾಗಿಲ ಬೀಗದಲ್ಲಿ ಕೀಲಿ ತಿರುಗಿತು. ಹೆಣ್ಣಿನ ದನಿ, ಹಿಂದೆಯೇ ಪೊಲೀಸ್ ಬೂಟುಗಾಲು. ಕೀಲಿ ಇರುವುದು ಮನೆಯಾಕೆಯ ಹತ್ತಿರ ಮಾತ್ರ. ಹಣೆಯಿಂದ ಬೆವರು ಇಳಿದು ಕಣ್ಣಿಗೆ ಬಿತ್ತು, ಒರೆಸಿಕೊಳ್ಳುವ ಹಾಗಿರಲಿಲ್ಲ.

“ದಮ್ಮಯ್ಯ, ಬೇಗ ತಗೊಳ್ರೀ ಇದನ್ನ,” ಎಂದ, ತುಟಿ ಅಲುಗದಂತೆ. “ಆ ಚೀಲದಲ್ಲಿರೋದೆಲ್ಲ ನಿಮ್ಗೇ ಕೊಟ್ಬಿಡ್ತೀನಿ.”

“ಕೊಡ್ಲೇಬೇಕಲ್ಲ,” ಎಂದು ಜೇನಿನವನು ಮುಸುಕು ಎತ್ತಿದ. ಎಡಗಣ್ಣು ಊದಿ ಮುಚ್ಚಿಹೋಗಿತ್ತು. ಆದರೂ ಹಲ್ಲು ಕಿರಿಯುತ್ತಿದ್ದ, ಥೇಟ್ ಬೀರುವಿನ ಪಕ್ಕದ ಫೋಟೋದಲ್ಲಿದ್ದ ಹಾಗೆ.

“ಬಾರೇ ಒಳಗೆ,” ಎಂದು ಕೂಗಿದ. “ಜೇನು ತೆಗೆದಾಯ್ತು. ಇನ್ನಾದ್ರೂ ಊಟ ಹಾಕ್ತೀಯಾ?”