ಎಂಜಿನ್ ರಿಪೇರಿ

ಬೀಡಿ ಬಿಡುವುದಾಗಿ ಈರಬಸಪ್ಪ ಹೆಂಡತಿಗೆ ಮಾತು ಕೊಟ್ಟಿದ್ದ. ಮತ್ತೆ ಸೇದಿದ್ದು ಕಂಡರೆ, ಅವನು ಜೀವದಂತೆ ಕಾಪಾಡುತ್ತಿದ್ದ ಆಟಿಕೆ ರೈಲನ್ನು ಹಳಿ ಸಮೇತ ಮಗಳ ಮನೆಗೆ ಸಾಗಿಸುವುದಾಗಿ ನೀಲವ್ವ ಹೇಳಿಬಿಟ್ಟಿದ್ದಳು. ಅಷ್ಟರಲ್ಲಿ ರೈಲಿನ ಎಂಜಿನ್ ಕೆಟ್ಟಿತು. ಎಣ್ಣೆ ಕಾಯಿಸಿ ಕೊಳವೆಯಿಂದ ಹೊಗೆ ಬಿಡುವ ಪುಟ್ಟ ಯಂತ್ರವೊಂದು ಅದರ ಹೊಟ್ಟೆಯಲ್ಲಿತ್ತು. ಅದು ಹೊಗೆ ಬಿಡುವುದನ್ನು ನಿಲ್ಲಿಸಿತ್ತು. ಅಂದಿನಿಂದ ಊಟವಾದ ಕೂಡಲೇ ಈರಬಸಪ್ಪ ರಿಪೇರಿ ಎಂದು ಹೇಳಿ ಕೋಣೆ ಸೇರುತ್ತಿದ್ದ. ಬಾಗಿಲು ಹಾಕಿಕೊಂಡು, ಎಂಜಿನ್ನನ್ನು ಎದುರಿಗಿಟ್ಟುಕೊಂಡು, ನೆಮ್ಮದಿಯಾಗಿ ಬೀಡಿ ಹಚ್ಚುತ್ತಿದ್ದ.

ಒಂದು ದಿನ ನೀಲವ್ವ ಬಾಗಿಲು ಬಡಿದಳು. ಬೀಡಿ ಕಿಟಕಿಯಾಚೆ ಹಾರಿತು.

“ಏನ್ರೀ ಇದು, ಕ್ವಾಣಿ ತುಂಬ ಹೊಗಿ?”

“ರಿಪೇರಿ ಆತು ನೋಡ! ಈಗಷ್ಟ ಭುಸುಭುಸು ಹೊಗಿ ಬಿಟ್ತು.”

“ಅಯ್ಯ, ಬೀಡಿ ವಾಸನಿ ಹೊಡಿತೈತೆಲ್ರೀ!”

“ಎಣ್ಣಿ ಹಳೇದೈತಿ. ಹಂಗ ನಾರತೈತಿ.”

“ಬಾಳ ಶ್ಯಾಣ್ಯಾ ಅದೀರಿ ಬಿಡ್ರಿ. ಹೊಟ್ಟಿ ಬಿಚ್ಚಿ ನೋಡಿದ್ರೇನು?”

“ದಿನಾ ಬಿಚ್ಚತೀನಿ, ದಿನಾ ಜೋಡಸ್ತೀನಿ. ಸಣ್ಣ ಕೆಲಸ ಅಂದ್ಕೊಂಡಿ ಏನ?”

ನೀಲವ್ವ ನಗುತ್ತ ಸೆರಗಿನ ಗಂಟು ಬಿಚ್ಚಿ, ಹೆಬ್ಬೆರಳಿನಷ್ಟು ದೊಡ್ಡ ತಗಡಿನ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟಳು.

“ಹಂಗಾರ ಇದನ್ನೂ ಜೋಡಸ್ರಿ. ಹೊಗಿ ಬಿಡೂ ಯಂತ್ರ ಇದ. ಹೋದ ವಾರ ನಾನ ಬಿಚ್ಚಿ ಇಸ್ತ್ರಿ ಪೆಟಗಿ ರಿಪೇರಿಯಂವಗ ಕೊಟ್ಟಿದ್ದೆ, ಈಗ ತಂದ್ಕೊಟ್ಟ.”